ಪೌಂಡ್ ಚಿಹ್ನೆಯಲ್ಲಿ ಸಿಕ್ಕಿಬಿದ್ದ ಕನ್ನಡ

ದೊಡ್ಡಬಳ್ಳಾಪುರವಿರಲಿ, ಹೊಸಕೋಟೆಯಿರಲಿ, ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಡಿ.ಟಿ.ಪಿ. ಅಂಗಡಿ ಸಿಕ್ಕೇ ಸಿಗುತ್ತದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಾಡಿಗೆ ಕರಾರುಗಳ ನಡುವೆ ಅಲ್ಲಿ ಪುಸ್ತಕಗಳೂ ಸಿದ್ಧವಾಗುತ್ತವೆ. ನಿವೃತ್ತ ಮೇಷ್ಟರ ಕವನ ಸಂಕಲನ, ಊರ ದೇವಸ್ಥಾನದ ಚರಿತ್ರೆ, ಯಾರದೋ ಆತ್ಮಕಥೆ. ಲೇಖಕರೇ ಹಣ ಹಾಕಿ, ಲೇಖಕರೇ ಹಂಚುವ ಪುಸ್ತಕಗಳಿವು. ಇದೇನೂ ಹೊಸ ಪದ್ಧತಿಯಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು.

ತೊಡಕು ಬರುವುದು ಆಮೇಲೆ. ಪ್ರತಿಗಳೆಲ್ಲ ಮುಗಿದು, ಅದೇ ಪುಸ್ತಕವನ್ನು ಇ-ಪುಸ್ತಕ ಮಾಡಿ ಮೊಬೈಲಿಗೆ ತರೋಣವೆಂದು ಹಳೆಯ ಸಿ.ಡಿ. ತೆರೆದರೆ ಪರದೆಯ ಮೇಲೆ ಕನ್ನಡವೇ ಇರುವುದಿಲ್ಲ. ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಜೋಡಿ ‘ಎಸ್’, ಸಣ್ಣ ‘ಕ್ಯೂ’ ಹೀಗೆ ಕಾಣಿಸುತ್ತದೆ. ಫೈಲು ಕೆಟ್ಟಿದೆ ಎಂದುಕೊಂಡು ಕೈಬಿಡುವವರೇ ಹೆಚ್ಚು. ಅಸಲಿಗೆ ಅದು ಕೆಟ್ಟಿರುವುದಿಲ್ಲ. ಅದು ಇದ್ದದ್ದೇ ಹಾಗೆ.

ಕಾರಣ ತಿಳಿಯಲು ಅಚ್ಚುಮೊಳೆಯ ಕಾಲಕ್ಕೆ ಹೋಗಬೇಕು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದೆ ಕನ್ನಡ ಮುದ್ರಕರನ್ನು ಕಾಡಿದ ಪ್ರಶ್ನೆ ಒಂದೇ: ವರ್ಣಮಾಲೆಯ ಅಕ್ಷರಗಳು ಐವತ್ತರ ಆಸುಪಾಸು, ಆದರೆ ಕಾಗುಣಿತ ಒತ್ತಕ್ಷರ ಸೇರಿದರೆ ರೂಪಗಳು ಸಾವಿರಾರು. ಮೊಳೆ ಜೋಡಿಸುವವರು ಅಕ್ಷರವನ್ನು ತುಂಡು ಮಾಡಿ ತಲೆಕಟ್ಟು, ಗುಡಿಸು, ಒತ್ತುಗಳನ್ನು ಬೇರೆ ಬೇರೆ ಖಾನೆಗಳಲ್ಲಿಟ್ಟು ಜೋಡಿಸಿದರು. ಕಂಪ್ಯೂಟರ್ ಬಂದಾಗಲೂ ನಡೆದದ್ದು ಅದೇ ಜಾಣತನ. ಅಂದಿನ ಫಾಂಟಿನಲ್ಲಿದ್ದ ಖಾನೆಗಳು 256 ಮಾತ್ರ, ಅವೂ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲು. ಆ ಖಾನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಯಿತು. ಯಂತ್ರದ ಪಾಲಿಗೆ ಅದು ಪೌಂಡ್ ಚಿಹ್ನೆ, ಓದುಗನ ಕಣ್ಣಿಗೆ ‘ನ’ಕಾರದ ಮೈ.

ಈ ಜಾಣತನವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಮಂಗಳೂರು ಸೀಮೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು 1980ರ ದಶಕದಲ್ಲಿ ರೂಪಿಸಿದ ಕೀಲಿಮಣೆ ವಿನ್ಯಾಸ ಮತ್ತು ‘ಸೇಡಿಯಾಪು’ ತಂತ್ರಾಂಶ, 1998ರಲ್ಲಿ ಶೇಷಾದ್ರಿವಾಸು ಅವರು ಉಚಿತವಾಗಿ ಕೊಟ್ಟ ‘ಬರಹ’, ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ಹಳ್ಳಿಯ ಲೇಖಕನ ಪುಸ್ತಕ ಡಿ.ಟಿ.ಪಿ. ಕಾಣುತ್ತಲೇ ಇರಲಿಲ್ಲ. ಆದರೆ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ವಾಣಿಜ್ಯ ತಂತ್ರಾಂಶಗಳು ಒಂದೊಂದೂ ತಮ್ಮದೇ ಖಾನೆಗಳನ್ನು ಹಂಚಿಕೊಂಡವು. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಅರ್ಥವಾಗದಂತಾಯಿತು.

ಇಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 1991ರಲ್ಲಿ ಬಂದ ಯೂನಿಕೋಡ್ ಸಂಹಿತೆ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತು. ಇಲ್ಲಿ ‘ಕ’ ಎಂದರೆ ಜಗತ್ತಿನ ಯಾವ ಯಂತ್ರದಲ್ಲೂ ‘ಕ’. ಅದರ ಆಕಾರದ ಚಿಂತೆ ಫಾಂಟಿನದು. (ಹಳಗನ್ನಡದ ‘ೞ’ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂದು ನಾಮಕರಣವಾಗಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ ಆ ತಪ್ಪು ಶಾಶ್ವತ!) 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಡನೆ ಕನ್ನಡ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಪುಸ್ತಕೋದ್ಯಮ ಮಾತ್ರ ಹಳೆಯ ಜಾಡಿನಲ್ಲೇ ಉಳಿಯಿತು. ಅಂಗಡಿಯವರನ್ನು ದೂರಿ ಫಲವಿಲ್ಲ. ಅವರು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ತಿಳಿಯುತ್ತಿರಲಿಲ್ಲ. ಹೀಗಾಗಿ ಹಲವು ವರ್ಷಗಳ ಕನ್ನಡ ಬರವಣಿಗೆ ಹಳೆಯ ಖಾನೆಗಳಲ್ಲೇ ಪೇರಿಸಿಕೊಂಡಿತು.

ಅದನ್ನು ಬಿಡಿಸುವ ಪರಿವರ್ತಕ ತಂತ್ರಾಂಶಗಳು ಈಗ ಉಚಿತವಾಗಿಯೇ ಸಿಗುತ್ತವೆ. ಕೆಲಸ ಮಾತ್ರ ಒಂದು ಗುಂಡಿ ಒತ್ತಿ ಮುಗಿಯುವಂಥದ್ದಲ್ಲ. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವುದು ‘ಮ’ದ ನಂತರ, ಉಚ್ಚಾರದಲ್ಲಿ ‘ರ್’ ಬರುವುದು ಮೊದಲು. ಹಳೆಯ ಫಾಂಟ್ ಕಣ್ಣಿನ ಕ್ರಮ ಹಿಡಿದರೆ ಯೂನಿಕೋಡ್ ನಾಲಗೆಯ ಕ್ರಮ ಹಿಡಿಯುತ್ತದೆ. ‘ಶಕ್ತಿ’ಯಲ್ಲಿ ಗುಡಿಸು ಕೂತಿರುವುದು ‘ಕ’ದ ಮೇಲೆ, ಸಲ್ಲುವುದು ‘ತ’ಕಾರಕ್ಕೆ. ಪರಿವರ್ತಕ ಇವನ್ನೆಲ್ಲ ಹಿಂದುಮುಂದು ಮಾಡಿ ಜೋಡಿಸಬೇಕು. ‘ರಾಜ್‌ಕುಮಾರ್’ ಎಂಬ ಹೆಸರಿನ ಜಕಾರದ ಕೆಳಗೆ ‘ಕ’ ಒತ್ತಾಗಿ ಇಳಿಯದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಅದು ಬಿಟ್ಟುಹೋದರೆ ಹೆಸರೇ ವಿಕಾರವಾಗುತ್ತದೆ. ಆದ್ದರಿಂದ ಪರಿವರ್ತನೆಯ ನಂತರ ಕರಡು ತಿದ್ದುವುದು ತಪ್ಪಿದ್ದಲ್ಲ. ಇಂಗ್ಲಿಷ್ ಪದಗಳು ನಡುನಡುವೆ ಇದ್ದರಂತೂ ಪರಿವರ್ತಕ ಅವನ್ನೂ ಕನ್ನಡದ ತುಂಡುಗಳೆಂದು ಬಗೆದು ಕಲಸುಮೇಲೋಗರ ಮಾಡಿಬಿಡುತ್ತದೆ.

ಆದರೂ ಆಗದ ಕೆಲಸವೇನಲ್ಲ ಎಂಬುದಕ್ಕೆ ‘ವಚನ ಸಂಚಯ’ವೇ ಸಾಕ್ಷಿ. ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯ ಇಂದು ಯೂನಿಕೋಡ್ ರೂಪದಲ್ಲಿ ಅಂತರಜಾಲದಲ್ಲಿದೆ. ಒಂದು ಪದವನ್ನು ಕೊಟ್ಟರೆ ಅದು ಬಂದ ವಚನಗಳೆಲ್ಲ ಎದುರಿಗೆ ಬರುತ್ತವೆ.

ಪಠ್ಯ ಶುದ್ಧವಾದ ಮೇಲೆ ಇ-ಪುಸ್ತಕ ಕಟ್ಟುವುದು ಅಷ್ಟು ಕಷ್ಟವಲ್ಲ. 2007ರಲ್ಲಿ ರೂಪುಗೊಂಡ ‘ಇ-ಪಬ್’ ಮಾದರಿ ಒಂದು ಗಂಟಿದ್ದಂತೆ. ಅಧ್ಯಾಯಗಳು, ಪರಿವಿಡಿ, ಚಿತ್ರ, ಬೇಕಾದರೆ ಫಾಂಟ್ ಕೂಡ ಅದರೊಳಗಿರುತ್ತವೆ. ಪಿ.ಡಿ.ಎಫ್.ನಲ್ಲಿ ಪುಟ ಅಚ್ಚಿನಂತೆ ಗಟ್ಟಿ. ಇ-ಪಬ್‌ನಲ್ಲಿ ಸಾಲುಗಳು ಪರದೆಯ ಅಗಲಕ್ಕೆ ತಕ್ಕಂತೆ ಹರಿಯುತ್ತವೆ, ಕಣ್ಣು ಮಂದವಾದವರು ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬಹುದು. ಕಣ್ಣೇ ಕಾಣದವರಿಗೆ ಓದಿ ಹೇಳುವ ತಂತ್ರಾಂಶಗಳಿಗೂ ಯೂನಿಕೋಡ್ ಬೇಕೇ ಬೇಕು. ಹಳೆಯ ಫಾಂಟಿನ ಫೈಲು ಕೊಟ್ಟರೆ ಅವು ಕನ್ನಡವನ್ನು ಬಿಟ್ಟು ಪೌಂಡ್ ಚಿಹ್ನೆಯನ್ನೇ ಉಚ್ಚರಿಸುತ್ತವೆ.

ಮಾರುಕಟ್ಟೆ ಮಾತ್ರ ಕನ್ನಡಕ್ಕೆ ಅಷ್ಟು ಉದಾರವಾಗಿರಲಿಲ್ಲ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಸೇರಿಸಿದ ಭಾರತೀಯ ಭಾಷೆಗಳು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡಿಗರೇ ಕಟ್ಟಿದ ‘ಮೈಲ್ಯಾಂಗ್’ ಮತ್ತು ಗೂಗಲ್ ಪ್ಲೇ ಬುಕ್ಸ್ ಆ ಕೊರತೆಯನ್ನು ಒಂದಿಷ್ಟು ತುಂಬಿವೆ. ಭಾರತದಲ್ಲಿ ಐ.ಎಸ್.ಬಿ.ಎನ್. ಸಂಖ್ಯೆಗೆ ಶುಲ್ಕವಿಲ್ಲವೆಂಬುದು ಸ್ವಂತ ಪ್ರಕಾಶಕರಿಗೆ ಇನ್ನೊಂದು ಅನುಕೂಲ.

ಬೇರೆಯವರ ಹಳೆಯ ಪುಸ್ತಕಕ್ಕೆ ಕೈಹಾಕುವವರು ಹಕ್ಕುಸ್ವಾಮ್ಯ ನೋಡಿಕೊಳ್ಳಬೇಕು. ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗೆ ಅವರು ತೀರಿದ ವರ್ಷದ ನಂತರ 60 ವರ್ಷ ರಕ್ಷಣೆಯುಂಟು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಅಂಥ ಕೃತಿಗಳನ್ನು ಇಂದು ಯಾರು ಬೇಕಾದರೂ ಇ-ಪುಸ್ತಕ ಮಾಡಬಹುದು. ಹೆಸರಿನ ಮೊದಲಕ್ಷರದಲ್ಲೇ ದೇವನಹಳ್ಳಿಯನ್ನು ಹೊತ್ತ ಡಿ.ವಿ. ಗುಂಡಪ್ಪನವರು ತೀರಿಕೊಂಡದ್ದು 1975ರ ಅಕ್ಟೋಬರಿನಲ್ಲಿ. ಅವರ ‘ಮಂಕುತಿಮ್ಮನ ಕಗ್ಗ’ಕ್ಕೆ 2036ರ ಜನವರಿ 1ರವರೆಗೆ ಕಾಯಬೇಕು.