ಒಲೆ, ತಾಟು, ದೀಪ: ಮನೆಬಳಕೆಯ ಇಂಗಾಲ ಮತ್ತು ಹಣ

ಏನಿದು?

ಒಂದು ಕುಟುಂಬ ತಿನ್ನುವ, ಉರಿಸುವ, ಕೊಳ್ಳುವ ವಸ್ತುಗಳಿಂದ ವಾತಾವರಣ ಸೇರುವ ಹಸಿರುಮನೆ ಅನಿಲಗಳ ಒಟ್ಟು ಮೊತ್ತವೇ ಆ ಕುಟುಂಬದ ಇಂಗಾಲದ ಹೆಜ್ಜೆಗುರುತು. ಆ ಖರೀದಿಗೆ ಕೊಟ್ಟ ಹಣ ಇನ್ನೊಬ್ಬರ ಆದಾಯವೂ ಹೌದು. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆಯ ಅಡರಕಟ್ಟಿಯಂಥ ಊರಿನ ಮನೆಗಳಲ್ಲಿ ಈ ಎರಡನ್ನೂ ಒಟ್ಟಿಗೆ ನೋಡಿದಾಗಲೇ ಲೆಕ್ಕ ಪೂರ್ಣವಾಗುತ್ತದೆ.

ಒಲೆ

ಒಂದು ಸಿಲಿಂಡರಿನ 14.2 ಕಿಲೋ ಅಡುಗೆ ಅನಿಲ ಉರಿದಾಗ ಸುಮಾರು 42 ಕಿಲೋ ಕಾರ್ಬನ್ ಡೈಆಕ್ಸೈಡ್ ಉಂಟಾಗುತ್ತದೆ. ಉರಿಯುವಾಗ ಗಾಳಿಯ ಆಮ್ಲಜನಕ ಇಂಗಾಲದೊಡನೆ ಕೂಡುವುದರಿಂದ ತೂಕ ಹೀಗೆ ಹೆಚ್ಚುತ್ತದೆ. ದೇಶದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಿನದು. ಸಿಲಿಂಡರಿನ ಹಣದಲ್ಲಿ ಒಂದು ಪಾಲು ಕಡಲಾಚೆಗೆ ಹೋಗುತ್ತದೆ. ಅನಿಲದ ಬದಲು ಉರಿಸುವ ಹೊಲದ ಹತ್ತಿಕಟ್ಟಿಗೆಗೆ ಹಣ ಬೇಕಿಲ್ಲ, ಅದು ಬಿಟ್ಟ ಇಂಗಾಲವನ್ನು ಮರುವರ್ಷದ ಬೆಳೆ ಬಹುಮಟ್ಟಿಗೆ ಮರಳಿ ಹೀರಿಕೊಳ್ಳುತ್ತದೆ. ಆದರೆ ಅದರ ಹೊಗೆ ಸೇರುವುದು ಅಡುಗೆ ಮಾಡುವವಳ ಶ್ವಾಸಕೋಶವನ್ನು. ಇಂಗಾಲ ಉಳಿಸುವ ಹೆಸರಿನಲ್ಲಿ ಆಕೆಯನ್ನು ಮತ್ತೆ ಹೊಗೆಯ ಮುಂದೆ ಕೂರಿಸುವುದು ನ್ಯಾಯವಲ್ಲ. ಅನಿಲದ ಒಲೆಯಲ್ಲೇ ಉಳಿತಾಯಕ್ಕೆ ದಾರಿ ಇದೆ: ಕಾಳು ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಅನಿಲವೂ ಹಣವೂ ಉಳಿಯುತ್ತವೆ.

ತಾಟು

ಈ ಸೀಮೆಯ ದೊಡ್ಡ ಬಲ ಜೋಳದ ರೊಟ್ಟಿ. ಇಂಗಾಲದ ಲೆಕ್ಕದಲ್ಲಿ ಅದು ಅನ್ನಕ್ಕಿಂತ ಹಗುರ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ನೂರು ವರ್ಷಗಳ ಅವಧಿಯಲ್ಲಿ ಈ ಅನಿಲದ ತಾಪಕಾರಕ ಶಕ್ತಿ ಕಾರ್ಬನ್ ಡೈಆಕ್ಸೈಡಿನ ಸುಮಾರು 28 ಪಟ್ಟು. ಹಿಂಗಾರಿ ಬಿಳಿಜೋಳಕ್ಕೆ ನಿಂತ ನೀರು ಬೇಡ. ಎರೆಭೂಮಿ ಹಿಡಿದಿಟ್ಟ ತೇವದಲ್ಲೇ ಅದು ತೆನೆ ಕಟ್ಟುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ. ಸಂತೆಯಲ್ಲಿ ಜೋಳ ಕೊಂಡರೆ ಹಣ ಸುತ್ತಲಿನ ರೈತರಿಗೆ ಸೇರುತ್ತದೆ. ಖಡಕ್ ರೊಟ್ಟಿ ಕೊಂಡರೆ ಅದನ್ನು ಬಡಿದ ಹೆಂಗಸರ ಕೂಲಿಯೂ ಊರಲ್ಲೇ ಉಳಿಯುತ್ತದೆ. ತಾಟಿನಲ್ಲಿ ಅನ್ನ ಹೆಚ್ಚಿ ರೊಟ್ಟಿ ಕಡಿಮೆಯಾದಷ್ಟೂ ಈ ಎರಡು ಲಾಭಗಳೂ ಕರಗುತ್ತವೆ.

ದೀಪ

ದಿನಕ್ಕೆ ಐದು ಗಂಟೆ ಉರಿಯುವ 60 ವ್ಯಾಟ್ ಬಲ್ಬಿನ ಬದಲು 9 ವ್ಯಾಟ್ ಎಲ್‌ಇಡಿ ಹಾಕಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿಯುತ್ತದೆ. ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಎಂದು ಹಿಡಿದರೆ ಇದು 65 ಕಿಲೋ ಆಗುತ್ತದೆ. ಗದಗ ಜಿಲ್ಲೆಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದರೂ ಗಾಳಿ ಬಿದ್ದ ಹೊತ್ತಿನಲ್ಲಿ ಜಾಲಕ್ಕೆ ರಾಯಚೂರು, ಬಳ್ಳಾರಿ, ಕೂಡಗಿಯ ಕಲ್ಲಿದ್ದಲು ಸ್ಥಾವರಗಳ ವಿದ್ಯುತ್ತೂ ಬೇಕಾಗುತ್ತದೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ 2023ರ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳ ಬಿಲ್ಲು ಸೊನ್ನೆಯಾಗಿದೆ. ಅಂಥ ಮನೆಯಲ್ಲಿ ಉಳಿದ ಯೂನಿಟ್ ಜೇಬಿಗೆ ಕಾಣದು. ಸರ್ಕಾರ ತೆರುವ ಸಹಾಯಧನದಲ್ಲಿ ಉಳಿತಾಯವಾಗುತ್ತದೆ.

ಹೊಣೆ ಯಾರದು?

ಭಾರತದ ತಲಾ ಹೊರಸೂಸುವಿಕೆ ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಜೋಳ ತಿಂದು, ಬಸ್ಸು ಹತ್ತಿ, ಒಂದೆರಡು ದೀಪ ಉರಿಸುವ ಹಳ್ಳಿಯ ಮನೆಯ ಪಾಲು ಅದರಲ್ಲೂ ಸಣ್ಣದು. ಕಡಿತದ ಕೆಲಸ ಮೊದಲು ಶುರುವಾಗಬೇಕಾದದ್ದು ವಿಮಾನ, ಕಾರು, ಎ.ಸಿ. ಬಳಸುವ ನಗರದ ಮನೆಗಳಲ್ಲಿ.