ಜಾಲತಾಣದ ಕುಕೀಗಳು: ಕಾರ್ಯವಿಧಾನ ಮತ್ತು ಬಳಕೆದಾರರ ಹತೋಟಿ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಹೋಬಳಿಯ ತೆಂಗು ಬೆಳೆಗಾರರು ಇಂದು ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ಮನೆಯಲ್ಲಿಯೇ ಮೊಬೈಲಿನಲ್ಲಿ ನೋಡಬಹುದು. ಪಹಣಿ, ಬೆಳೆ ವಿಮೆ, ಫ್ರೂಟ್ಸ್ ತಂತ್ರಾಂಶದ ರೈತ ನೋಂದಣಿ ಮುಂತಾದ ಕೆಲಸಗಳೂ ಜಾಲತಾಣಗಳ ಮೂಲಕವೇ ನಡೆಯುತ್ತವೆ. ಈ ತಾಣಗಳಲ್ಲಿ ಹಲವು, ತೆರೆದ ಕೂಡಲೇ ‘ಕುಕೀಗಳನ್ನು ಒಪ್ಪಿಕೊಳ್ಳುವಿರಾ?’ ಎಂದು ಕೇಳುತ್ತವೆ. ಓದದೆ ಒಪ್ಪಿಗೆ ಒತ್ತುವವರೇ ಹೆಚ್ಚು. ಭಯಪಟ್ಟು ತಾಣವನ್ನೇ ಮುಚ್ಚುವವರೂ ಇದ್ದಾರೆ. ಕುಕೀ ಏನು ಮಾಡುತ್ತದೆ ಎಂಬುದು ತಿಳಿದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ನೀವೇ ನಿರ್ಧರಿಸಬಹುದು.

ಕುಕೀ ಎಂದರೇನು?

ಜಾಲತಾಣವು ನಿಮ್ಮ ಬ್ರೌಸರಿಗೆ ಕಳುಹಿಸಿ, ಅಲ್ಲಿಯೇ ಉಳಿಸಿಡುವ ಸಣ್ಣ ಬರಹದ ತುಣುಕಿಗೆ ಕುಕೀ ಎನ್ನುತ್ತಾರೆ. ಒಂದು ಕುಕೀಯ ಗಾತ್ರ ಸಾಮಾನ್ಯವಾಗಿ 4 ಕಿಲೋಬೈಟನ್ನು ಮೀರುವುದಿಲ್ಲ. ಅದರಲ್ಲಿ ಒಂದು ಹೆಸರು, ಒಂದು ಮೌಲ್ಯ, ಯಾವ ತಾಣಕ್ಕೆ ಸೇರಿದ್ದು ಮತ್ತು ಎಲ್ಲಿಯವರೆಗೆ ಚಾಲ್ತಿಯಲ್ಲಿರುತ್ತದೆ ಎಂಬ ವಿವರಗಳಿರುತ್ತವೆ. ‘ಭಾಷೆ = ಕನ್ನಡ’ ಎಂಬಷ್ಟು ಸರಳವಾಗಿಯೂ ಇರಬಹುದು; ನಮಗೆ ಅರ್ಥವಾಗದ ಉದ್ದನೆಯ ಅಂಕಿ-ಅಕ್ಷರಗಳ ಸಾಲೂ ಆಗಿರಬಹುದು.

ಇದರ ಅಗತ್ಯವನ್ನು ಮಾರುಕಟ್ಟೆಯ ಉದಾಹರಣೆಯಿಂದ ತಿಳಿಯಬಹುದು. ಪ್ರಾಂಗಣಕ್ಕೆ ಕೊಬ್ಬರಿ ಚೀಲಗಳನ್ನು ತಂದಾಗ ನಿಮ್ಮ ಸರಕಿಗೆ ಲಾಟ್ ಸಂಖ್ಯೆ ದೊರೆಯುತ್ತದೆ. ಟೆಂಡರು, ತೂಕ, ಬಿಲ್ಲು ಹೀಗೆ ಮುಂದಿನ ಪ್ರತಿಯೊಂದು ಹಂತದಲ್ಲಿಯೂ ಆ ಸಂಖ್ಯೆಯೇ ಗುರುತು. ಅದಿಲ್ಲದಿದ್ದರೆ ಪ್ರತಿ ಹಂತದಲ್ಲಿಯೂ ಊರು, ಹೆಸರು, ಚೀಲಗಳ ಲೆಕ್ಕವನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಜಾಲತಾಣದ ಸರ್ವರಿಗೂ ಸ್ವಭಾವತಃ ನೆನಪಿಲ್ಲ. ನೀವು ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಅದು ನಿಮ್ಮನ್ನು ಹೊಸಬರೆಂದೇ ಭಾವಿಸುತ್ತದೆ. ಪ್ರತಿ ಬಾರಿಯೂ ಬ್ರೌಸರು ತನ್ನಲ್ಲಿರುವ ಕುಕೀಯನ್ನು ತೋರಿಸುವುದರಿಂದ ಮಾತ್ರ, ಒಂದೆರಡು ನಿಮಿಷದ ಹಿಂದೆ ಪಾಸ್‌ವರ್ಡ್ ಕೊಟ್ಟವರು ಇವರೇ ಎಂದು ಸರ್ವರಿಗೆ ತಿಳಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ತಂತ್ರಜ್ಞ ಲೂ ಮೊಂಟುಲಿ ಈ ಏರ್ಪಾಡನ್ನು ರೂಪಿಸಿದರು.

ಕುಕೀ ವೈರಸ್ ಅಲ್ಲ. ಅದು ತಾನಾಗಿ ಓಡುವ ತಂತ್ರಾಂಶವಲ್ಲ. ನಿಮ್ಮ ಫೋಟೋ, ಸಂದೇಶ, ಸಂಪರ್ಕ ಸಂಖ್ಯೆಗಳನ್ನು ಓದುವ ಶಕ್ತಿಯೂ ಅದಕ್ಕಿಲ್ಲ. ಒಂದು ತಾಣ ಇಟ್ಟ ಕುಕೀಯನ್ನು ಬ್ರೌಸರು ಸಂಬಂಧವಿಲ್ಲದ ಇನ್ನೊಂದು ತಾಣಕ್ಕೆ ಕೊಡುವುದಿಲ್ಲ.

ಕುಕೀಗಳ ಆಯಸ್ಸು ಒಂದೇ ಬಗೆಯದಲ್ಲ. ಕೆಲವು ಎಳನೀರಿನಂತೆ ಆ ಹೊತ್ತಿನವು. ಬ್ರೌಸರನ್ನು ಮುಚ್ಚಿದಾಗ ಅಳಿಯಬೇಕಾದವು. ಆದರೆ ಮೊಬೈಲಿನಲ್ಲಿ ಬ್ರೌಸರು ಹಿನ್ನೆಲೆಯಲ್ಲಿ ಉಳಿದುಕೊಳ್ಳುವುದರಿಂದ ಇವೂ ದಿನಗಟ್ಟಲೆ ಉಳಿಯುವುದುಂಟು. ಇನ್ನು ಕೆಲವು ಉಂಡೆ ಕೊಬ್ಬರಿಗಾಗಿ ಅಟ್ಟಕ್ಕೆ ಹಾಕಿದ ಕಾಯಿಯಂತೆ ತಿಂಗಳುಗಟ್ಟಲೆ ಇರುತ್ತವೆ. ಕ್ರೋಮ್ ಬ್ರೌಸರು 2022ರಿಂದ ಈ ಅವಧಿಗೆ 400 ದಿನಗಳ ಮಿತಿ ಹಾಕಿದೆ. ನೀವು ಮತ್ತೆ ಆ ತಾಣಕ್ಕೆ ಹೋದರೆ ತಾಣವು ಅವಧಿಯನ್ನು ನವೀಕರಿಸಬಹುದು.

ಬೆನ್ನು ಹತ್ತುವ ಜಾಹೀರಾತು

ನೀವು ತೆರೆದ ತಾಣವೇ ಇಟ್ಟ ಕುಕೀ ಸ್ವಂತದ್ದು. ಆ ಪುಟದಲ್ಲಿ ಜಾಹೀರಾತು, ವೀಡಿಯೊ ಅಥವಾ ಹಂಚಿಕೆಯ ಗುಂಡಿಯ ರೂಪದಲ್ಲಿ ಸೇರಿಕೊಂಡ ಬೇರೆ ಕಂಪನಿ ಇಡುವುದು ಮೂರನೆಯವರ ಕುಕೀ. ಒಂದೇ ಜಾಹೀರಾತು ಕಂಪನಿ ಸಾವಿರಾರು ತಾಣಗಳಲ್ಲಿ ಇರುವುದರಿಂದ, ಎಲ್ಲಿ ಹೋದರೂ ತನ್ನದೇ ಗುರುತುಚೀಟಿಯನ್ನು ನೋಡಿ ನೀವು ಏನೇನು ಓದಿದಿರಿ ಎಂಬುದನ್ನು ಒಂದು ಕಡೆ ಕೂಡಿಸಿಕೊಳ್ಳುತ್ತದೆ.

ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿನ ಬಗ್ಗೆ ನೀವು ಯಾವುದೋ ಖಾಸಗಿ ತಾಣದಲ್ಲಿ ಓದಿದಿರಿ ಎನ್ನೋಣ. ಮಾರನೆಯ ದಿನ ಸುದ್ದಿ ಓದುವಾಗ ಕೀಟನಾಶಕದ ಜಾಹೀರಾತು ಕಾಣಿಸಿಕೊಳ್ಳಬಹುದು. ‘ನನ್ನ ತೋಟದ ಸಮಸ್ಯೆಗೆ ಇದೇ ಮದ್ದಿರಬೇಕು’ ಎಂದು ಅನ್ನಿಸುವುದು ಸಹಜ. ಆದರೆ ಅದು ಶಿಫಾರಸಲ್ಲ, ನಿಮ್ಮ ಹುಡುಕಾಟದ ನೆರಳು. ಈ ಕೀಟಕ್ಕೆ ಗೋನಿಯೋಜಸ್ ಪರತಂತ್ರ ಜೀವಿಯನ್ನು ತೋಟದಲ್ಲಿ ಬಿಡುವುದು ಬಹುಕಾಲದಿಂದ ಶಿಫಾರಸಿನಲ್ಲಿರುವ ಕ್ರಮ. ಅದಕ್ಕೆ ಇಷ್ಟು ಹುರುಪಿನ ಜಾಹೀರಾತು ಬರುವುದಿಲ್ಲ. ಯಾವುದೇ ಔಷಧಿ ಕೊಳ್ಳುವ ಮುನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ, ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಿರಿ.

ಮೂರನೆಯವರ ಕುಕೀಗಳನ್ನು ಆಪಲ್‌ನ ಸಫಾರಿ ಬ್ರೌಸರು 2020ರಿಂದ ಪೂರ್ಣವಾಗಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕೀಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಪ್ರತ್ಯೇಕಿಸುತ್ತದೆ. ಕ್ರೋಮ್‌ನಲ್ಲಿ ಇವನ್ನು ಕೈಬಿಡುವ ಯೋಜನೆಯಿಂದ ಗೂಗಲ್ ಹಿಂದೆ ಸರಿದಿದೆ. ಆದ್ದರಿಂದ ಕ್ರೋಮ್ ಬಳಸುವವರು ಈ ತಡೆಯನ್ನು ತಾವೇ ಹಾಕಿಕೊಳ್ಳಬೇಕು.

ಹಂಚಿಕೊಂಡ ಕಂಪ್ಯೂಟರಿನಲ್ಲಿ ಎಚ್ಚರ

ಗ್ರಾಮೀಣ ಬಳಕೆದಾರರಿಗೆ ಜಾಹೀರಾತಿಗಿಂತ ದೊಡ್ಡ ಅಪಾಯ ಬೇರೆಯದು. ಲಾಗಿನ್ ಆದಾಗ ತಾಣವು ಕೊಡುವ ಕುಕೀ ನಿಮ್ಮ ಮನೆಯ ಬೀಗದ ಕೈಗೆ ಸಮಾನ. ಅದು ಚಾಲ್ತಿಯಲ್ಲಿರುವಷ್ಟು ಹೊತ್ತು ಆ ಬ್ರೌಸರಿನ ಮುಂದೆ ಕುಳಿತ ಯಾರಿಗೂ ಪಾಸ್‌ವರ್ಡ್ ಬೇಕಾಗುವುದಿಲ್ಲ, ಒಟಿಪಿಯೂ ಬೇಕಾಗುವುದಿಲ್ಲ. ಸೇವಾ ಕೇಂದ್ರ, ಸೈಬರ್ ಅಂಗಡಿ, ಸಹಕಾರ ಸಂಘದ ಕಚೇರಿ ಅಥವಾ ನೆಂಟರ ಮೊಬೈಲಿನಲ್ಲಿ ನಿಮ್ಮ ಖಾತೆಯನ್ನು ತೆರೆದು ಹಾಗೆಯೇ ಎದ್ದು ಬಂದರೆ, ಸರ್ವೆ ನಂಬರು, ಬ್ಯಾಂಕ್ ಖಾತೆ, ಆಧಾರ್ ಜೋಡಣೆಯ ವಿವರಗಳು ಮುಂದೆ ಕುಳಿತವರಿಗೆ ತೆರೆದೇ ಇರುತ್ತವೆ. ಬ್ಯಾಂಕಿನ ತಾಣಗಳು ಕೆಲವೇ ನಿಮಿಷಗಳಲ್ಲಿ ತಾವಾಗಿ ಹೊರಹಾಕುತ್ತವೆ. ಇ-ಮೇಲ್ ಹಾಗಲ್ಲ, ವಾರಗಟ್ಟಲೆ ತೆರೆದಿರುತ್ತದೆ. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳು ಬರುವುದೂ ಅಲ್ಲಿಗೇ.

ಇಂತಹ ಕಡೆ ಕ್ರೋಮ್‌ನ ಅಜ್ಞಾತ ಕಿಟಕಿಯಲ್ಲಿ ಕೆಲಸ ಮಾಡಿಸಿರಿ. ಅಜ್ಞಾತ ಕಿಟಕಿಗಳನ್ನೆಲ್ಲ ಮುಚ್ಚಿದ ಕೂಡಲೇ ಆ ಹೊತ್ತಿನ ಕುಕೀಗಳು ಅಳಿಯುತ್ತವೆ. ಆದರೂ ಮೊದಲು ತಾಣದಲ್ಲಿರುವ ‘ನಿರ್ಗಮಿಸಿ’ ಅಥವಾ ‘ಲಾಗೌಟ್’ ಗುಂಡಿಯನ್ನು ಒತ್ತುವುದು ಅವಶ್ಯ: ಕುಕೀ ಅಳಿಸಿದರೆ ನಿಮ್ಮ ಕಡೆಯ ಚೀಟಿ ಮಾತ್ರ ಹೋಗುತ್ತದೆ, ನಿರ್ಗಮಿಸಿದರೆ ಸರ್ವರಿನ ಕಡೆಯ ದಾಖಲೆಯೂ ಮುಕ್ತಾಯವಾಗುತ್ತದೆ. ‘ಪಾಸ್‌ವರ್ಡ್ ಉಳಿಸಲೇ?’ ಎಂದು ಬ್ರೌಸರು ಕೇಳಿದರೆ ಬೇಡವೆನ್ನಿ. ಡೌನ್‌ಲೋಡ್ ಮಾಡಿದ ಪಹಣಿ, ಪಾಸ್‌ಬುಕ್ಕಿನ ಪ್ರತಿಗಳು ಅಜ್ಞಾತ ಕಿಟಕಿ ಮುಚ್ಚಿದರೂ ಕಂಪ್ಯೂಟರಿನಲ್ಲಿ ಉಳಿಯುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ಮುದ್ರಣವಾದ ಮೇಲೆ ಅವನ್ನು ನಿಮ್ಮ ಎದುರಿಗೇ ಅಳಿಸುವಂತೆ ಕೇಳಿರಿ. ಇದರಲ್ಲಿ ಸಂಕೋಚ ಬೇಡ.

ಮೊಬೈಲಿನಲ್ಲಿ ನಿರ್ವಹಿಸುವ ವಿಧಾನ

ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಿ ಮೇಲ್ತುದಿಯ ಮೂರು ಚುಕ್ಕಿಗಳನ್ನು ಒತ್ತಿ ಸೆಟ್ಟಿಂಗ್‌ಗಳಿಗೆ, ಅಲ್ಲಿಂದ ಸೈಟ್ ಸೆಟ್ಟಿಂಗ್‌ಗಳಿಗೆ ಹೋಗಿರಿ. ಥರ್ಡ್ ಪಾರ್ಟಿ ಕುಕೀಗಳು ಎಂಬಲ್ಲಿ ತಡೆಯುವ ಆಯ್ಕೆ ಇದೆ. ಆವೃತ್ತಿಗೆ ತಕ್ಕಂತೆ ಪದಗಳು ತುಸು ಬೇರೆಯಾಗಿರಬಹುದು. ಈ ತಡೆಯಿಂದ ಹೆಚ್ಚಿನ ತಾಣಗಳ ಕೆಲಸಕ್ಕೆ ತೊಂದರೆಯಿಲ್ಲ. ಎಲ್ಲ ಕುಕೀಗಳನ್ನೂ ತಡೆಯುವುದನ್ನು ಮಾತ್ರ ನಾವು ಶಿಫಾರಸು ಮಾಡುವುದಿಲ್ಲ; ಲಾಗಿನ್ ಇರುವ ಯಾವ ತಾಣವೂ ಆಗ ನಡೆಯುವುದಿಲ್ಲ.

ಒಂದೇ ತಾಣದ ಕುಕೀ ತೆಗೆಯಬೇಕಿದ್ದರೆ ಆ ತಾಣವನ್ನು ತೆರೆದು, ವಿಳಾಸದ ಎಡಗಡೆಯ ಚಿಹ್ನೆಯನ್ನು ಒತ್ತಿದರೆ ಕುಕೀ ಮತ್ತು ಸೈಟ್ ಡೇಟಾ ಅಳಿಸುವ ಆಯ್ಕೆ ದೊರೆಯುತ್ತದೆ. ಪೂರ್ತಿ ಅಳಿಸಲು ಅದೇ ಮೂರು ಚುಕ್ಕಿಗಳ ಪಟ್ಟಿಯಲ್ಲಿ ಬ್ರೌಸಿಂಗ್ ಡೇಟಾ ಅಳಿಸುವ ಆಯ್ಕೆಯನ್ನು ಬಳಸಿರಿ. ಅಲ್ಲಿ ‘ಪಾಸ್‌ವರ್ಡ್‌ಗಳು’ ಎಂಬ ಸಾಲಿಗೆ ಗುರುತು ಬಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ಇಲ್ಲವಾದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಹೋಗುತ್ತವೆ. ಕುಕೀ ಅಳಿಸಿದರೆ ಎಲ್ಲ ತಾಣಗಳಿಗೂ ಮತ್ತೆ ಲಾಗಿನ್ ಆಗಬೇಕಾಗುತ್ತದೆಯೇ ಹೊರತು ನಿಮ್ಮ ನೋಂದಣಿ, ಅರ್ಜಿ, ಸಹಾಯಧನದ ದಾಖಲೆಗಳಿಗೆ ಧಕ್ಕೆಯಿಲ್ಲ. ಅವು ಇಲಾಖೆಯ ಸರ್ವರಿನಲ್ಲಿ ಇರುತ್ತವೆ.

ಒಪ್ಪಿಗೆ ಕೇಳುವ ಪಟ್ಟಿ

ಒಪ್ಪಿಗೆಯ ಪಟ್ಟಿಯಲ್ಲಿ ‘ಅಗತ್ಯ ಕುಕೀಗಳು ಮಾತ್ರ’ ಅಥವಾ ‘ನಿರಾಕರಿಸಿ’ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿರಿ. ಸಾಮಾನ್ಯವಾಗಿ ಅದನ್ನು ಸಣ್ಣ ಅಕ್ಷರದಲ್ಲಿ, ಬಣ್ಣವಿಲ್ಲದೆ ಇಟ್ಟಿರುತ್ತಾರೆ. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಕುಕೀಯ ಹೆಸರನ್ನು ಎತ್ತುವುದಿಲ್ಲ. ಆದರೆ ವೈಯಕ್ತಿಕ ಮಾಹಿತಿಗೆ ಕೇಳುವ ಒಪ್ಪಿಗೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕೆಂದು ಹಾಗೂ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕೆಂದು ಹೇಳುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತವೆ.

ಕುಕೀ ಒಪ್ಪಿಗೆಗೆ ಒಟಿಪಿ, ಆಧಾರ್ ಸಂಖ್ಯೆ ಅಥವಾ ಯಾವುದೇ ಆ್ಯಪ್ ಬೇಕಾಗುವುದಿಲ್ಲ. ಇವನ್ನು ಕೇಳಿದರೆ ಅದು ಕುಕೀಯ ಪಟ್ಟಿಯಲ್ಲ, ವಂಚನೆ. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುವ ಎಪಿಕೆ ಕಡತಗಳು ಇದೇ ಜಾತಿಯವು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಿರಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಅರ್ಜಿ ತುಂಬುವಾಗ ‘ಸೆಷನ್ ಮುಗಿದಿದೆ’ ಎಂದು ಪದೇ ಪದೇ ಬಂದರೆ ಅಥವಾ ಕ್ಯಾಪ್ಚಾ ಸರಿಯಿದ್ದರೂ ತಪ್ಪೆಂದು ತೋರಿಸಿದರೆ, ಹಳೆಯ ಕುಕೀ ಉಳಿದಿರುವ ಸಾಧ್ಯತೆ ಇದೆ. ಆ ಒಂದು ತಾಣದ ಕುಕೀಯನ್ನು ಅಳಿಸಿ ಪುಟವನ್ನು ಹೊಸದಾಗಿ ತೆರೆಯಿರಿ; ರೈತರನ್ನು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಕಳುಹಿಸುವ ಮುನ್ನ ಇದನ್ನೊಮ್ಮೆ ಪ್ರಯತ್ನಿಸಬಹುದು. ಒಬ್ಬ ರೈತರ ಖಾತೆಯಿಂದ ನಿರ್ಗಮಿಸದೆ ಅದೇ ಬ್ರೌಸರಿನ ಇನ್ನೊಂದು ಪುಟದಲ್ಲಿ ಮತ್ತೊಬ್ಬರ ಅರ್ಜಿಯನ್ನು ತೆರೆಯಬಾರದು. ಎರಡೂ ಪುಟಗಳು ಒಂದೇ ಕುಕೀಯನ್ನು ಬಳಸುವುದರಿಂದ ಒಬ್ಬರ ವಿವರ ಇನ್ನೊಬ್ಬರ ಅರ್ಜಿಗೆ ಸೇರುವ ಸಂಭವವಿದೆ. ಇಬ್ಬರ ಕೆಲಸವನ್ನು ಏಕಕಾಲಕ್ಕೆ ಮಾಡಲೇಬೇಕಿದ್ದರೆ ಎರಡು ಬೇರೆ ಬ್ರೌಸರುಗಳನ್ನು ಬಳಸಿರಿ.