ಅನುಮಾನ: ಅಳತೆಯಿಂದ ಅಳುಕಿಗೆ

‘ಅವನ ಮೇಲೆ ನನಗೆ ಅನುಮಾನ’, ‘ಮಳೆ ಬರುವುದು ಅನುಮಾನ’, ‘ಕೇಳಲು ಅನುಮಾನಿಸಿದಳು’ ಎಂದು ಶಂಕೆ, ಸಂದೇಹ, ಹಿಂಜರಿಕೆ ಮೂರಕ್ಕೂ ಕನ್ನಡ ಸಲೀಸಾಗಿ ಒಗ್ಗಿಸಿಕೊಂಡ ಈ ಪದ, ತರ್ಕಶಾಸ್ತ್ರದ ಅಂಗಳಕ್ಕೆ ಕಾಲಿಟ್ಟೊಡನೆ ಎದುರು ದಿಕ್ಕಿಗೆ ಮುಖ ಮಾಡುವುದನ್ನು ಪದಪ್ರಿಯರಾದ ನಾವೆಲ್ಲ ಬಲ್ಲೆವು: ಅಲ್ಲಿ ಸಂದೇಹವನ್ನು ಕಳೆಯುವ ಪ್ರಮಾಣಕ್ಕೇ ಅನುಮಾನವೆಂದು ಹೆಸರು.

ಧಾತು ‘ಮಾ’, ಎಂದರೆ ಅಳೆ. ಮಾನ, ಪ್ರಮಾಣ, ಪರಿಮಾಣ, ಉಪಮಾನಗಳೆಲ್ಲ ಅದರ ಒಕ್ಕಲು. ‘ಅನು’ ಎಂದರೆ ಹಿಂದಿನಿಂದ, ಅನುಸರಿಸಿ. ಕಂಡದ್ದರ ಬೆನ್ನು ಹಿಡಿದು ಕಾಣದ್ದನ್ನು ಅಳೆಯುವುದೇ ಅನುಮಾನ. ಗೌತಮನ ನ್ಯಾಯಸೂತ್ರ ಅದು ಪ್ರತ್ಯಕ್ಷವನ್ನು ಮುಂದಿಟ್ಟುಕೊಂಡೇ ಹುಟ್ಟುವುದೆಂದು ಹೇಳಿ, ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರು ಬಗೆ ಮಾಡಿತು. ಕವಿದ ಮೋಡದಿಂದ ಬರಲಿರುವ ಮಳೆಯನ್ನೂ ಉಕ್ಕಿದ ಹೊಳೆಯಿಂದ ಆಗಲೇ ಸುರಿದ ಮಳೆಯನ್ನೂ ಅರಿಯುವುದು ಮೊದಲೆರಡಕ್ಕೆ ಭಾಷ್ಯಕಾರ ವಾತ್ಸ್ಯಾಯನನು ಕೊಡುವ ನಿದರ್ಶನ.

ಹಾಗಾದರೆ ನಾವು ‘ಹೀಗೆಂದಿಟ್ಟುಕೊಳ್ಳೋಣ’ ಎನ್ನುವುದು, ಗೃಹೀತ ಹಿಡಿಯುವುದು, ಅದು ಇದ್ದೇ ಇದೆ ಎಂದುಕೊಳ್ಳುವುದು? ಅದಕ್ಕೂ ನ್ಯಾಯದಲ್ಲಿ ಒಂದು ಚೆಲುವಾದ ಹೆಸರಿದೆ: ಅಭ್ಯುಪಗಮ. ಶಬ್ದವು ದ್ರವ್ಯವೇ ಆಗಿರಲಿ, ಅದು ನಿತ್ಯವೋ ಅನಿತ್ಯವೋ ನೋಡೋಣ ಎಂದು, ಪರೀಕ್ಷಿಸದ್ದನ್ನು ಸದ್ಯಕ್ಕೆ ಒಪ್ಪಿ ಅದರ ವಿಶೇಷಗಳ ವಿಚಾರಕ್ಕಿಳಿಯುವ ಬಗೆ ಅದು. ಗೃಹೀತ ವಿಚಾರಕ್ಕಿಂತ ಮುಂದೆ ನಡೆಯುತ್ತದೆ, ಹೇತುವನ್ನು ಬೇಡುವುದಿಲ್ಲ. ಅನುಮಾನ ಹೇತುವಿನ ಹಿಂದೆಯೇ ನಡೆಯುತ್ತದೆ, ಹೇತು ಬಿದ್ದರೆ ತಾನೂ ಬೀಳುತ್ತದೆ.

ಎರಡೂ ಹೆಣೆದುಕೊಳ್ಳುವ ಜಾಗದಲ್ಲಿ ನೈಯಾಯಿಕರ ಸೂಕ್ಷ್ಮ ಕಾಣುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎನ್ನುವುದು ಸರಿ. ಬೆಂಕಿ ಕಂಡು ಹೊಗೆಯಿದೆ ಎಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡು ಅಡ್ಡ ಬರುತ್ತದೆ. ಬೆಂಕಿಗೆ ಹಸಿ ಸೌದೆ ಕೂಡಿದಲ್ಲಿ ಮಾತ್ರ ಹೊಗೆ. ಆಡದೆ ಒಳಗೇ ಉಳಿಸಿಕೊಂಡ ಈ ಶರತ್ತನ್ನು ಅವರು ‘ಉಪಾಧಿ’ ಎಂದರು. ಸೌದೆ ಹಸಿಯೆಂದು ಗೃಹೀತ ಹಿಡಿದವನಿಗೆ ತನ್ನ ಅನುಮಾನ ಕುಂಟುತ್ತಿರುವುದೇ ತಿಳಿಯದು.

ಇಂಥ ಪ್ರಮಾಣವಾಚಕ ಕನ್ನಡದಲ್ಲಿ ಅಳುಕಿನ ಹೆಸರಾದದ್ದು ಹೇಗೆ? ಹಿಂದಿಯಲ್ಲಿ ಅದು ಅಂದಾಜಾಗಿ ನಿಂತಿತು, ತೆಲುಗಿನಲ್ಲಿ ನಮ್ಮಂತೆಯೇ ಸಂದೇಹಕ್ಕೆ ಇಳಿಯಿತು. ಕಾರಣದ ಬೀಜ ಶಾಸ್ತ್ರದಲ್ಲೇ ಇದೆಯೆಂದು ನನಗೆ ತೋರುತ್ತದೆ: ನಿಶ್ಚಯವಾದದ್ದರಲ್ಲಿ ನ್ಯಾಯಕ್ಕೆ ಕೆಲಸವಿಲ್ಲ, ಸಂಶಯವಿದ್ದಲ್ಲೇ ಅದರ ಪ್ರವೃತ್ತಿ ಎನ್ನುತ್ತಾನೆ ವಾತ್ಸ್ಯಾಯನ, ಸಾಧ್ಯವು, ಎಂದರೆ ಸಾಧಿಸಬೇಕಾದದ್ದು, ಎಲ್ಲಿ ಸಂದಿಗ್ಧವೋ ಆ ನೆಲೆಯೇ ಪಕ್ಷವೆಂದು ಅನ್ನಂಭಟ್ಟನ ತರ್ಕಸಂಗ್ರಹವೂ ಲಕ್ಷಣ ಹೇಳುತ್ತದೆ. ಸಂದೇಹದಿಂದ ಹೊರಟು ನಿಗಮನಕ್ಕೆ ಮುಟ್ಟುವ ದಾರಿಯ ಹೆಸರನ್ನು ಆಡುಮಾತು ಆ ದಾರಿಯ ಮೊದಲ ಹೆಜ್ಜೆಗೇ ಇಟ್ಟಿತು.

ಆದ್ದರಿಂದ ‘ನನಗೆ ಅನುಮಾನ’ ಎಂದವರನ್ನು ‘ಯಾಕೆ?’ ಎಂದು ಕೇಳಬೇಕು. ಹೇತು ಸಿಕ್ಕರೆ ಮಾತು ಶಾಸ್ತ್ರದ ಅನುಮಾನದ ಕಡೆಗೆ ಹೊರಟಿದೆ; ಸಿಗದಿದ್ದರೆ ಅದು ಶಂಕೆಯ ವೇಷ ತೊಟ್ಟ ಗೃಹೀತ.